ಡಿಸ್ಕ್ ಕಣ್ಣು ಬಿಡುವ ತನಕ

“ಡಿಸ್ಕ್ ಅಂದ್ರೆ ಉಗ್ರಾಣ ಅಂದ್ಕೊಳ್ಳಿ ಅತ್ತೆ. ಇದನ್ನ ಒಳಗಿಡು, ಅದನ್ನ ತಗೊಂಡು ಬಾ ಅಂತ ಅದಕ್ಕೆ ಹೇಳೋಕೆ ಕಂಪ್ಯೂಟರಲ್ಲಿ ಒಬ್ಬ ಮೇಸ್ತ್ರಿ ಇರ್ತಾನೆ. ಅವನಿಗೆ ಡ್ರೈವರ್ ಅಂತಾರೆ. ಹಿಂದೆ ಒಂಥರ ಡಿಸ್ಕ್ ಇತ್ತು, ಎದ್ದ ತಕ್ಷಣ ಕೆಲಸ ಹೇಳಿದ್ರೆ ತಬ್ಬಿಬ್ಬಾಗಿ ಒಂದರ ಮೇಲೊಂದು ಬರೆದುಬಿಡೋದು. ಅದಕ್ಕೆ ನಿಮ್ಮ ಮಗ, ‘ತಾಳು, ಅದು ಕಣ್ಣು ಬಿಡಲಿ’ ಅಂತ ಮೇಸ್ತ್ರಿಗೆ ನಾಲ್ಕು ಸಾಲು ಬರೆದಿಟ್ಟಿದ್ರು. ಈಗ ಆ ಡಿಸ್ಕ್ ಯಾರ ಹತ್ರಾನೂ ಇಲ್ಲ. ಒಬ್ಬ ಹಳೇದನ್ನೆಲ್ಲ ಗುಡಿಸ್ತಾ ಬಂದು, ಇದನ್ನೂ ತೆಗೀಬೇಕು ಅಂತಿದ್ದಾನೆ. ಅವರು ಬರೆದದ್ದು ಅಂತ ಉಳಿದಿರೋದು ಅಷ್ಟೇ.”

ಸೊಸೆ ಇದನ್ನು ಹೇಳುವಾಗ ಪರದೆಯಿಂದ ಕಣ್ಣು ಕೀಳಲಿಲ್ಲ.

“ಅವನೂ ಹಾಗೇ ಇದ್ದ ಕಣೇ,” ಎಂದೆ. “ಎದ್ದ ತಕ್ಷಣ ಮಾತಾಡಿಸಿದ್ರೆ ಉಪ್ಪು ಕೇಳೋ ಕಡೆ ಸಕ್ಕರೆ ಕೇಳ್ತಿದ್ದ.”

ಅವಳು ನಗಲಿಲ್ಲ. ಮಗ ತೀರಿಕೊಂಡ ಮೇಲೆ ಅವನ ಕೆಲಸ ಇವಳ ಪಾಲಿಗೆ ಬಂದಿತ್ತು. ಊಟದ ಮೇಜಿನ ಒಂದು ಮೂಲೆಯೇ ಇವಳ ಆಫೀಸು. ಬೇರೆಯವರು ತಿದ್ದಿ ಕಳಿಸಿದ್ದನ್ನು ಓದಿ, ಸರಿಯಿದ್ದರೆ ಕೆಳಗೆ ತನ್ನ ಹೆಸರು ಹಾಕಬೇಕು. ಹೆಸರು ಬಿದ್ದರೆ ಮಾತ್ರ ಅದು ಎಲ್ಲರ ಕಂಪ್ಯೂಟರಿನೊಳಗೆ ಹೋಗುತ್ತದೆ. ಸುಮ್ಮನೆ ಹಾಕುವವಳಲ್ಲ. ಜೊತೆಯವರು ಇವಳನ್ನು ‘ಜರಡಿ’ ಎನ್ನುತ್ತಾರೆ.

ಅಂದು ಬೆಳಿಗ್ಗೆಯೇ ಒಂದು ತಪ್ಪು ಸಿಕ್ಕಿತು. ಗುಡಿಸುವ ಭರದಲ್ಲಿ ಆತ ಬೇಕಾದ ಒಂದು ಸಾಲನ್ನೂ ಕಿತ್ತಿದ್ದ. ಡಿಸ್ಕ್ ಓಗೊಡದಿದ್ದರೆ ಇನ್ನೊಮ್ಮೆ ಕೇಳು ಎನ್ನುವ ಸಾಲಂತೆ. ಸೊಸೆಯ ಮುಖಕ್ಕೆ ಕಳೆ ಬಂತು. ತಪ್ಪು ತೋರಿಸಿ ಹಿಂದಕ್ಕೆ ಕಳಿಸಿದಳು. ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು. ಸಂಜೆಯ ಹೊತ್ತಿಗೆ ಆತ ಸರಿಮಾಡಿ, ಧನ್ಯವಾದವನ್ನೂ ಸೇರಿಸಿ ಮತ್ತೆ ಕಳಿಸಿಬಿಟ್ಟಿದ್ದ.

“ಇನ್ನೇನಾದ್ರೂ ಕೊಂಕು ತೆಗಿ,” ಎಂದೆ.

“ತೆಗೀಬಹುದು. ನಾನು ಬೇಡ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ ಅತ್ತೆ. ಕಷ್ಟ ಇರೋದೇ ಅಲ್ಲಿ.”

“ನನ್ನ ಮಗನ ಆ ನಾಲ್ಕು ಸಾಲು ಇದ್ರೆ ಯಾರಿಗೇನು ನಷ್ಟ?”

“ಪ್ರತಿ ಸಲ ಶುರುವಾಗೋವಾಗ ಎಲ್ಲರ ಕಂಪ್ಯೂಟರೂ ಇಲ್ಲದ ಡಿಸ್ಕಿಗೆ ಕಾಯುತ್ತೆ.”

ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆಯುತ್ತಿದ್ದರು.

“ಇಲ್ಲದ್ದಕ್ಕೆ ಕಾಯೋ ಕೆಲಸ ನಮ್ಮ ಮನೇಲೇ ಬೇಕಾದಷ್ಟಿದೆ,” ಎಂದೆ. “ಊರವರಿಗ್ಯಾಕೆ. ಹಾಕಮ್ಮ.”

ಅವಳು ಇನ್ನೊಮ್ಮೆ ಮೊದಲಿನಿಂದ ಓದಿದಳು. ಹೆಸರು ಹಾಕಿದಳು. ಮಗನ ಸಾಲು ಹೋದದ್ದು ನನಗೆ ತಿಳಿಯಲೂ ಇಲ್ಲ. ಪರದೆ ಹಾಗೇ ಬೆಳ್ಳಗಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿದಿತ್ತು. ದಪ್ಪ ಹೊದಿಕೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಹಿಂಡಿದೆವು, ಕೊಡವಿದೆವು, ಕಿಟಕಿಯಾಚೆಯ ತಂತಿಗೆ ಹರವಿದೆವು.