ಇಲ್ಲದ ಬಾಗಿಲಿನ ಬೀಗ

ಮರಾಠಿ ಸೀಮೆಯ ಖಡಕಿಯ ಹಳೆಯ ಸಭಾಂಗಣದಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ನೆಲದ ಮೇಲೆ ಮಲಗಿತ್ತು. ಗೆಳೆಯನ ಮಗಳು ಸವಿತಾ ತನ್ನ ಕಾಲೇಜಿನ ನಾಟಕದ ತಾಲೀಮು ನೋಡಲು ನನ್ನನ್ನು ಕರೆತಂದಿದ್ದಳು. ನಾಟಕ ದೇಶವಿಭಜನೆಯದು. ಆಡುವವರೆಲ್ಲ ಮೊನ್ನೆ ಮೊನ್ನೆ ಹುಟ್ಟಿದವರು.

ಲಾಹೋರಿನ ಮನೆ ಬಿಟ್ಟು ಓಡುವ ಹೆಂಗಸಿನ ಪಾತ್ರ ಸವಿತಾಳದು. ರಂಗದ ಮೇಲೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಅವಳು ಬರಿಗೈಯಲ್ಲೇ ಬೀಗ ಹಾಕಿ ಓಡಿದಳು. ಮತ್ತೆ ತಿರುಗಿ ಬಂದು ಗಾಳಿಯಲ್ಲಿದ್ದ ಆ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ನನಗೆ ಬಾಗಿಲು ಕಂಡೇಬಿಟ್ಟಿತು. ಅದರ ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು.

ನಿರ್ದೇಶಕ ಹುಡುಗ ಮರಾಠಿಯಲ್ಲಿ ರೇಗಿದ. ಊರೇ ಹತ್ತಿ ಉರಿಯುವಾಗ ಬೀಗ ಜಗ್ಗುತ್ತ ನಿಲ್ಲುವವರುಂಟೆ, ತೆಗೆದುಹಾಕು ಅಂದ. ಸವಿತಾ ಅವನೊಡನೆ ವಾದಿಸಿ ಸೋತು ನನ್ನ ಕಡೆ ತಿರುಗಿದಳು.

"ನೀವರ ಹೇಳ್ರಿ ಕಾಕಾ. ತಿರುಗಿ ಬರಾವ್ರ ಅಲ್ರಿ ಬೀಗ ಜಗ್ಗಿ ನೋಡೂದು? ಮತ್ತ ಬರೂದಿಲ್ಲ ಅಂತ ಅಕಿಗಿ ಇನ್ನಾ ಗೊತ್ತಿಲ್ರಿ."

ನನ್ನ ಹರಕುಮುರುಕು ಹಿಂದಿಯಲ್ಲಿ ಅದನ್ನು ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

ತಾಲೀಮು ಮುಗಿದು ಎಲ್ಲರೂ ಹೊರಬಂದೆವು. ನಿರ್ದೇಶಕ ಸಭಾಂಗಣಕ್ಕೆ ಬೀಗ ಹಾಕಿ, ಮಾತಾಡುತ್ತ ನಮ್ಮ ಜೊತೆ ಗೇಟಿನವರೆಗೆ ಬಂದ. ಅಲ್ಲಿಂದ ಏನೋ ನೆನಪಾದವನಂತೆ ಹಿಂದಕ್ಕೆ ಹೋಗಿ ಬೀಗವನ್ನು ಎರಡು ಸಲ ಜಗ್ಗಿದ. ಹುಡುಗಿಯರು ಹೋ ಎಂದು ನಕ್ಕರು. ಅವನು ಮಾತ್ರ ಬೀಗದ ಮೇಲಿನ ಕೈ ತೆಗೆಯದೆ ಹಾಗೇ ನಿಂತಿದ್ದ.