ಅಮಾವಾಸ್ಯೆಯ ಎಡೆ

ನನ್ನ ಕೆಲಸಕ್ಕೂ ನಮ್ಮ ಮನೆಯ ಸತ್ತವರಿಗೂ ಬೇಕಾದದ್ದು ಒಂದೇ ದಿನ, ಅಮಾವಾಸ್ಯೆ. ಉತ್ತರದ ಒಂದು ಬೆಟ್ಟದ ಮೇಲಿನ ದೂರದರ್ಶಕದಲ್ಲಿ ನಾವು ಅತಿ ದೂರದ ಕ್ವೇಸಾರ್‌ಗಳನ್ನು ಹುಡುಕುತ್ತಿದ್ದೆವು. ಗೆಲಾಕ್ಸಿಗಳ ಧಗಧಗಿಸುವ ನಡುಗಳು ಅವು; ಭೂಮಿ ಹುಟ್ಟುವ ಮೊದಲೇ ಹೊರಟ ಬೆಳಕು ಅವುಗಳದ್ದು. ಚಂದ್ರನಿದ್ದರೆ ಅಷ್ಟು ಮಂಕು ಚುಕ್ಕೆ ಕಾಣುವುದಿಲ್ಲ. ಹಾಗಾಗಿ ನಮ್ಮೂರು ಹಾರನಹಳ್ಳಿಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಾನು ಬೆಟ್ಟದ ಮೇಲಿರುತ್ತಿದ್ದೆ. ಅಪ್ಪ ತೀರಿಕೊಂಡಾಗಲೂ ಅಲ್ಲೇ ಇದ್ದೆ. ಅರಸೀಕೆರೆಯಲ್ಲಿ ರೈಲಿಳಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮುಖ ನೋಡಲಾಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆಕಾಶದ ಒಂದೇ ತುಣುಕನ್ನು ಹಸಿರು ಗಾಜಿನ ಮೂಲಕ ಒಮ್ಮೆ, ಕಡುಗೆಂಪು ಗಾಜಿನ ಮೂಲಕ ಒಮ್ಮೆ ಚಿತ್ರ ತೆಗೆಯುತ್ತಿದ್ದೆವು. ಹಸಿರಿನಲ್ಲಿ ಇಲ್ಲದೆ ಕೆಂಪಿನಲ್ಲಿ ಮಾತ್ರ ಇರುವ ಚುಕ್ಕೆ ಸಿಕ್ಕಿದರೆ ಅದು ಕ್ವೇಸಾರ್ ಇರಬಹುದು; ಅಷ್ಟು ದೂರದ ಬೆಳಕು ನಮ್ಮನ್ನು ಮುಟ್ಟುವಷ್ಟರಲ್ಲಿ ಕೆಂಪಾಗಿರುತ್ತದೆ. ಆದರೆ ನಂಬುವ ಹಾಗಿಲ್ಲ. ಎಲ್ಲಿಂದಲೋ ಬಂದು ಕ್ಯಾಮೆರಾಕ್ಕೆ ಬಡಿದ ಕಣವೂ ಹಾಗೆಯೇ ಕಾಣುತ್ತದೆ. ಅದೇ ಜಾಗವನ್ನು ಇನ್ನೊಮ್ಮೆ ನೋಡಬೇಕು. ಆಗ ಇಲ್ಲದಿದ್ದರೆ ಪಟ್ಟಿಯಿಂದ ಹೊಡೆದುಹಾಕಬೇಕು. ನಾನು ಆಸೆಪಟ್ಟ ಚುಕ್ಕೆಗಳಲ್ಲಿ ಬಹಳಷ್ಟು ಎರಡನೇ ಸಲ ಇರಲಿಲ್ಲ.

ಒಂದು ವರ್ಷ ಮಹಾಲಯ ಅಮಾವಾಸ್ಯೆಯ ರಾತ್ರಿ ದೂರದರ್ಶಕ ಬೇರೆ ಗುಂಪಿನ ಪಾಲಾಯಿತು. ಗೊಣಗುತ್ತಲೇ ಊರಿಗೆ ಬಂದೆ.

ಸಂಜೆ ಅವ್ವ ನಡುಮನೆಯಲ್ಲಿ ಅಪ್ಪನ ಪಂಚೆ ಮಡಿಸಿಟ್ಟು, ಬಾಳೆಲೆಗೆ ಮುದ್ದೆ, ಸಾರು, ಕಜ್ಜಾಯ ಬಡಿಸಿ, ಪಕ್ಕದಲ್ಲಿ ಒಂದು ಹೊಸ ಬೀಡಿ ಕಟ್ಟು ಇಟ್ಟಳು. ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿದಳು. ಇಬ್ಬರೂ ಜಗಲಿಯಲ್ಲಿ ಕೂತೆವು.

"ನೀನು ಹುಡುಕೋದು ಈಗ್ಲೂ ಅಲ್ಲಿ ಐತಾ?" ಎಂದು ಕೇಳಿದಳು.

"ಇರಲ್ಲ ಅನ್ಸುತ್ತೆ ಅವ್ವ. ಯಾವಾಗ್ಲೋ ಆರಿಹೋಗಿರುತ್ತೆ. ಬೆಳಕು ಮಾತ್ರ ಈಗ ಬತ್ತಾ ಐತೆ."

"ಹೋಗಿರೋರ್ನ ಕಾಯಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರೇನೇ?"

ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಕೆಮ್ಮಿ, ಬಾಗಿಲು ತಟ್ಟಿ ತೆರೆದಳು. ಸದ್ದು ಮಾಡದೆ ತೆಗೆದರೆ ಉಣ್ಣುವವರು ಬೆದರುತ್ತಾರಂತೆ. ಎಲೆಯಲ್ಲಿ ಎಲ್ಲವೂ ಇಟ್ಟ ಹಾಗೇ ಇತ್ತು. ಬೀಡಿ ಕಟ್ಟಿನ ದಾರವೂ ಬಿಚ್ಚಿರಲಿಲ್ಲ. ಆದರೆ ನನ್ನ ಮೂಗಿಗೆ ಬೀಡಿ ಹೊಗೆಯ ವಾಸನೆ ಬಂತು. ಅಪ್ಪನ ಅಂಗಿಯಲ್ಲಿರುತ್ತಿದ್ದ ಅದೇ ವಾಸನೆ. ಉಸಿರೆಳೆದುಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿತು.

"ಬಂದು ಉಂಡ್ರು ನಿಮ್ಮಪ್ಪ. ಎಲೆ ಎತ್ತು," ಎಂದಳು ಅವ್ವ.

"ತಡಿ ಅವ್ವ. ಇನ್ನೊಂದ್ಸಲ ಬಾಗ್ಲು ಹಾಕು."

ಅವ್ವ ನನ್ನ ಮುಖ ನೋಡಿದಳು. ಬಾಗಿಲು ಎಳೆದುಕೊಂಡಳು. ಮತ್ತೆ ಜಗಲಿಯಲ್ಲಿ ಕೂತೆವು. ಊರೆಲ್ಲ ಕತ್ತಲಾಯಿತು.

"ಹೊತ್ತಾಯ್ತು ಕಣೇ. ಈ ಸಲ ನೀನೇ ಕೆಮ್ಮು," ಎಂದಳು.

ಎದ್ದು ಬಾಗಿಲ ಮುಂದೆ ನಿಂತೆ. ಆ ವಾಸನೆ ಎರಡನೇ ಸಲ ಇಲ್ಲದಿದ್ದರೆ ಅದನ್ನೂ ಹೊಡೆದುಹಾಕಬೇಕಲ್ಲ ಎಂದು, ಕೆಮ್ಮದೆ ಕದದ ಮೇಲೆ ಕೈಯಿಟ್ಟುಕೊಂಡೇ ಇದ್ದೆ.