ಹುಟ್ಟು ಹಾಕಿದವಳು

ಸರೋವರದ ಈ ದಡದಲ್ಲಿ ಮೊದಲು ಇದ್ದದ್ದು ಒಂದೇ ಗುಡಿಸಲು, ನನ್ನ ಸೋದರತ್ತೆಯದು. ದೋಣಿಯೂ ಒಂದೇ, ಅದೂ ಅವಳದೇ. ಇಟ್ಟಿಗೆ ಸಾಹುಕಾರರು ಜೇಡಿಮಣ್ಣು ಹುಡುಕಿಕೊಂಡು ಬಂದದ್ದು ಆ ದೋಣಿಯಲ್ಲಿ. ಇಟ್ಟಿಗೆ ಸುಡುವ ಗೂಡು ಕಟ್ಟಿದ ಗಾರೆಯವರು, ಅವರ ಹೆಂಡತಿ ಮಕ್ಕಳು, ಮೊದಲ ಮನೆಯ ಬಾಗಿಲು, ಶಾಲೆಯ ಕರಿಹಲಗೆ, ಸೂಲಗಿತ್ತಿ, ಎಲ್ಲ ಬಂದದ್ದು ಅದರಲ್ಲೇ. ಅತ್ತೆಯ ಅಂಗೈಯಲ್ಲಿ ಒಂದು ಬೊಬ್ಬೆ ಆರುವುದರೊಳಗೆ ಇನ್ನೊಂದು ಏಳುತ್ತಿತ್ತು. ಆ ಕೈ ಹಿಡಿಯಲು ಯಾರೂ ಬರಲಿಲ್ಲ.

ರಸ್ತೆ ಬಂತು, ದೋಣಿ ನಿಂತಿತು. ಅತ್ತೆ ಬಲೆ ಹೆಣೆದುಕೊಂಡು ಅದೇ ಗುಡಿಸಲಲ್ಲಿ ಉಳಿದಳು. ಹೋದ ವರ್ಷ ಪುರಸಭೆಗೆ ಇದ್ದಕ್ಕಿದ್ದಂತೆ ಇತಿಹಾಸದ ಮೇಲೆ ಪ್ರೀತಿ ಉಕ್ಕಿತು. ಸಾಹುಕಾರರ ಪ್ರತಿಮೆ ಆಗಲೇಬೇಕಂತೆ. ಇಷ್ಟುದ್ದದ ದಡದಲ್ಲಿ ಈ ಮಹಾನುಭಾವರಿಗೆ ಬೇರೆಲ್ಲೂ ಜಾಗ ಸಿಗಲಿಲ್ಲ, ಅತ್ತೆಯ ಗುಡಿಸಲೇ ಕಣ್ಣಿಗೆ ಬಿತ್ತು.

ಸಭೆಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಪುರಸಭೆಯ ಅಧ್ಯಕ್ಷ ಸಾಹುಕಾರರ ಮೊಮ್ಮಗನೇ. ಪ್ರತಿಮೆಯ ಕೆಳಗೆ ಕೆತ್ತುವ ಸಾಲನ್ನು ಗಂಟಲು ಸರಿಮಾಡಿಕೊಂಡು ಓದಿದ: "ಈ ಊರನ್ನು ಹುಟ್ಟುಹಾಕಿದವರು."

ಅತ್ತೆ ಎದ್ದು ನಿಂತಳು. "ಯಾರು, ನಿಮ್ಮಜ್ಜ ಹುಟ್ಟು ಹಾಕಿದ್ರಾ? ದೋಣಿ ಅಲ್ಲಾಡಿದ್ರೆ ನನ್ನ ಕಾಲು ಹಿಡ್ಕೊಂಡು ಕಣ್ಮುಚ್ಚಿ ಕೂರ್ತಿದ್ರು! ಹುಟ್ಟು ಹಾಕಿದ್ದು ನಾನು ಕಣಪ್ಪಾ."

ಸಭೆಯೆಲ್ಲ ನಕ್ಕಿತು. "ಅಜ್ಜೀ, ದೋಣಿ ಹುಟ್ಟಲ್ಲ ಇದು. ಊರು ಶುರು ಮಾಡಿದ್ದು ಯಾರು ಅಂತ," ಎಂದು ಅಧ್ಯಕ್ಷ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ.

"ನಾನೂ ಅದನ್ನೇ ಹೇಳ್ತಿರೋದು."

ಅದಕ್ಕೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಕ್ಕವರಲ್ಲಿ ಅರ್ಧ ಜನ ತಾಯಿಯ ಮಡಿಲಲ್ಲಿ ಕೂತು ಅವಳ ದೋಣಿಯಲ್ಲೇ ಬಂದವರು. ಹೊಳೆ ದಾಟಿದ ಮೇಲೆ ಅಂಬಿಗ ಏನಾಗುತ್ತಾನೆ ಎಂಬ ಗಾದೆಯನ್ನು ಪೂರ್ತಿ ಹೇಳಿದರೆ ಅಚ್ಚಾಗುವುದಿಲ್ಲ, ಬಿಡಿ.

ಗುಡಿಸಲು ಕಿತ್ತರು. ನಾನು ಅರ್ಜಿ ಹಿಡಿದು ಅಲೆದೆ, ಕೂಗಾಡಿದೆ, ಕಚೇರಿಯ ಜವಾನನ ಹತ್ತಿರ ಹೊರಗೆ ತಳ್ಳಿಸಿಕೊಂಡೆ. ಅತ್ತೆ ಒಂದು ಹಾಸಿಗೆ, ಒಂದು ಹುಟ್ಟು ತೆಗೆದುಕೊಂಡು ನಮ್ಮ ಮನೆಗೆ ಬಂದಳು.

ಪ್ರತಿಮೆ ಆದ ಮೇಲೆ ಇಬ್ಬರೂ ನೋಡಲು ಹೋದೆವು. ಅತ್ತೆಯ ಮಾತು ಅಧ್ಯಕ್ಷನಿಗೆ ಅಷ್ಟು ಹಿಡಿಸಿತ್ತೆಂದು ಕಾಣುತ್ತದೆ, ಸಾಹುಕಾರರನ್ನು ಕಲ್ಲಿನ ದೋಣಿಯಲ್ಲಿ ಕೂರಿಸಿ ಕೈಗೆ ಹುಟ್ಟು ಕೊಡಿಸಿದ್ದ. ಅದರ ಅಗಲದ ಹಲಗೆ ಸಾಹುಕಾರರ ಕೈಯಲ್ಲಿತ್ತು, ಹಿಡಿಕೆ ನೀರಿನ ಕಡೆಗಿತ್ತು.

"ತಲೆಕೆಳಗಾಗಿದೆ ಅತ್ತೆ. ಹೋಗಿ ಹೇಳ್ಲಾ?"

"ಬೇಡ, ಇರ್ಲಿ. ನೋಡಿದೋರಿಗಾದ್ರೂ ಗೊತ್ತಾಗ್ಲಿ, ಇವ್ರು ಹಾಕಿಲ್ಲ ಅಂತ."